ಚಳ್ಳಕೆರೆಯಿಂದ ಹಟ್ಟಿಗೆ: ಕೊನೆಯ ದಿನದ ನಡಿಗೆ

ದಾವಣಗೆರೆಯಿಂದ ನಾಲ್ಕು ದಿನ ನಡೆದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಿಗೆ ಹೋಗುತ್ತೇವೆ, ಕೊನೆಯ ದಿನ ಚಳ್ಳಕೆರೆಯಿಂದ ಬರೀ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ತಿಂಡಿ ತಿಂದು ನಿಧಾನಕ್ಕೆ ಹೊರಡಬಹುದೇ ಎಂದು ಕೇಳಿದ್ದೀರಿ. ಆ 'ಬರೀ' ಎಂಬುದನ್ನು ಮೊದಲು ಬಿಟ್ಟುಬಿಡಿ ಸರ್. ಮೊದಲ ದಿನದ ಇಪ್ಪತ್ತು ಬೇರೆ, ಬೊಬ್ಬೆ ಎದ್ದ ಕಾಲಿನ ಇಪ್ಪತ್ತು ಬೇರೆ.

ನಾನು ಮೊದಲ ಸಲ ಹೋದಾಗ ಮಾಡಿದ್ದು ಇದನ್ನೇ. ಇಡ್ಲಿ ತಿಂದು, ಕಾಫಿ ಕುಡಿದು ಎಂಟಕ್ಕೆ ಹೊರಟೆವು. ಹನ್ನೊಂದಕ್ಕೆಲ್ಲ ಡಾಂಬರು ಕಾದ ಹಂಚಾಯಿತು. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುತ್ತಿದ್ದ ನಮ್ಮ ಅತ್ತೆ ರಸ್ತೆ ಬಿಟ್ಟು ಅಂಚಿನ ಮಣ್ಣಿಗೆ ಇಳಿದರು; ಅಲ್ಲಿ ಜಾಲಿ ಮುಳ್ಳು. ಕೊನೆಗೆ ಒಂದು ಬೇವಿನ ಮರದಡಿ ಮೂರು ಗಂಟೆ ಕುಳಿತೆವು. ಹಟ್ಟಿ ಸೇರುವಷ್ಟರಲ್ಲಿ ತೇರು ನೆಲೆ ನಿಂತಿತ್ತು.

ಫಾಲ್ಗುಣದ ಬಿಸಿಲು, ಅದರಲ್ಲೂ ಚಳ್ಳಕೆರೆ ಸೀಮೆಯದು. ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ರಸ್ತೆ ಹೆಚ್ಚುಕಡಿಮೆ ವಾಯವ್ಯಕ್ಕೆ ಸಾಗುವುದರಿಂದ ಬೆಳಗಿನ ಬಿಸಿಲು ಬೆನ್ನಿಗೆ, ಬಲಗಿವಿಗೆ ಬೀಳುತ್ತದೆ, ತಡೆದುಕೊಳ್ಳಬಹುದು. ಮಧ್ಯಾಹ್ನದ ಮೇಲೆ ಅದು ಎಡಗೆನ್ನೆಗೇ ಬಡಿಯುತ್ತದೆ. ಆದ್ದರಿಂದ ಮೂರೂವರೆಗೆ ಎದ್ದು ನಾಲ್ಕಕ್ಕೆ ರಸ್ತೆಯಲ್ಲಿರಿ. ಹತ್ತರೊಳಗೆ ಹಟ್ಟಿ ಸಿಗುತ್ತದೆ. ಇನ್ನೂ ಒಳ್ಳೆಯದೆಂದರೆ ತೇರಿನ ಹಿಂದಿನ ದಿನವೇ ತಲುಪಿ, ಸ್ವಾಮಿಯ ಗುಡಿಗಳಾದ ಒಳಮಠ, ಹೊರಮಠ ಎರಡನ್ನೂ ನೂಕುನುಗ್ಗಲು ಏರುವ ಮೊದಲೇ ನೋಡಿಕೊಳ್ಳುವುದು.

ಕತ್ತಲಲ್ಲಿ ರಸ್ತೆಯ ಬಲಬದಿಗೆ ನಡೆಯಿರಿ, ಎದುರಿನ ಲಾರಿ ಕಣ್ಣಿಗೆ ಕಾಣುತ್ತದೆ. ಹಿಂದೆ ಬರುವವರೊಬ್ಬರ ಕೈಯಲ್ಲಿ ಟಾರ್ಚ್ ಇರಲಿ, ಬಿಳಿ ಬಟ್ಟೆ ಹಾಕಿಕೊಳ್ಳಿ.

ಕಾಲಿನ ವಿಷಯ. ಹೊಸ ಚಪ್ಪಲಿ, ಹೊಸ ಶೂ ಬೇಡವೇ ಬೇಡ. ಉಗುರನ್ನು ಹೊರಡುವ ಎರಡು ಮೂರು ದಿನ ಮೊದಲೇ ಕತ್ತರಿಸಿ. ಬೊಬ್ಬೆ ಎದ್ದರೆ ಸಿಪ್ಪೆ ಸುಲಿಯಬೇಡಿ. ನೀರು ತುಂಬಿ ನಡೆಯಲು ಬಿಡದಿದ್ದರೆ, ಕುದಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಚರ್ಮವನ್ನು ಹಾಗೆಯೇ ಉಳಿಸಿ ಪಟ್ಟಿ ಹಾಕಿ. ಸಕ್ಕರೆ ಕಾಯಿಲೆ ಇರುವವರು ಈ ಸೂಜಿಯ ಕೆಲಸಕ್ಕೆ ಕೈ ಹಾಕದೆ ವೈದ್ಯರಿಗೆ ತೋರಿಸಲಿ. ಬರಿಗಾಲಿನ ಹರಕೆಯೂ ಅವರಿಗೆ ಬೇಡ. ತಿಪ್ಪೇಶ, ಅಂದರೆ ನಮ್ಮ ತಿಪ್ಪೇರುದ್ರಸ್ವಾಮಿ, ಕೋಪಿಸಿಕೊಳ್ಳುವವನಲ್ಲ. 'ಮಾಡಿದಷ್ಟು ನೀಡು ಭಿಕ್ಷೆ' ಎಂದವನು, ಕೆರೆ ಕಟ್ಟಿಸಿದವನು.

ಜಾತ್ರೆಯ ಹೊತ್ತಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರಿರುತ್ತಾರೆ. ಆದರೆ ನಾಲ್ಕು ಗಂಟೆಯ ಕತ್ತಲಲ್ಲಿ ಯಾರೂ ಇರುವುದಿಲ್ಲ, ಆದ್ದರಿಂದ ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ನಿಮ್ಮದೇ ಇರಲಿ. ಚೀಲದಲ್ಲಿ ಶೇಂಗಾ, ಬೆಲ್ಲ ಸಾಕು. ದಾವಣಗೆರೆಯವರು ಖಾರದ ಮಂಡಕ್ಕಿ ಕಟ್ಟಿಕೊಂಡು ಬರುತ್ತೀರಿ ಎಂದು ಗೊತ್ತು. ಹೊರಲು ಹಗುರ, ಆದರೆ ಒಂದು ಹಿಡಿ ತಿಂದರೆ ಅರ್ಧ ಬಾಟಲಿ ನೀರು ಖಾಲಿ.

ಹಿಂದೆ ಅಮೃತಮಹಲ್ ಕಾವಲಿನ, ಅಂದರೆ ದನ ಮೇಯುವ ಹುಲ್ಲುಗಾವಲಿನ, ಬಯಲಾಗಿದ್ದ ಕಡೆ ಈಗ ವಿಜ್ಞಾನ ಸಂಸ್ಥೆಗಳ ಉದ್ದುದ್ದ ಕಾಂಪೌಂಡ್ ಗೋಡೆಗಳಿವೆ. ಕುರಿ ಮೇಯಿಸುವ ನಮ್ಮ ಕಡೆಯವರಿಗೆ ಆ ಗೋಡೆಯ ಬಗ್ಗೆ ಹೇಳಲು ಬಹಳ ಇದೆ. ಅದು ಬೇರೆ ಮಾತು.

ಊರೊಳಗೆ ಹೋದ ಮೇಲೆ ಒಂದು ಎಚ್ಚರ: ತೇರಿಗೆ ಎಸೆದ ಬಾಳೆಹಣ್ಣು ನೆಲದ ತುಂಬ ಇರುತ್ತದೆ. ಸೋತ ಕಾಲು ಅಲ್ಲೇ ಜಾರುವುದು. ಹರಕೆಗೆಂದು ಒಣ ಕೊಬ್ಬರಿ ಸುಡುವ ಹೊಗೆಗೆ ಕಣ್ಣೂ ಉರಿಯುತ್ತದೆ. ವಾಪಸಿಗೆ ತೇರು ಮುಗಿದ ತಕ್ಷಣ ಬಸ್ಸಿಗೆ ನುಗ್ಗಬೇಡಿ, ಎರಡು ಗಂಟೆ ಎಲ್ಲಾದರೂ ಕಾಲು ಚಾಚಿ ಮಲಗಿ, ಆಮೇಲೆ ಹತ್ತಿ.