ಪದಮೂಲ: ನೈಸ್ ಹುಡುಗ, ಪಾಪದ ಮನುಷ್ಯ

ಪ್ರಶ್ನೆ: ಇಂಗ್ಲಿಷಿನ ‘ನೈಸ್’ ಎಂಬ ಪದಕ್ಕೆ ಮೊದಲು ‘ದಡ್ಡ’ ಎಂಬ ಅರ್ಥವಿತ್ತೆಂದು ನನ್ನ ಮಗ ಹೇಳುತ್ತಾನೆ. ಹಾಗಾದರೆ ಮೊನ್ನೆ ಹೆಣ್ಣಿನ ಮನೆಯವರು ‘ಹುಡುಗ ನೈಸ್ ಇದಾನೆ’ ಎಂದದ್ದು ಹೊಗಳಿಕೆಯೋ, ಬೈಗುಳವೋ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೊಗಳಿಕೆಯೇ, ಸಂಬಂಧವನ್ನು ಮುಂದುವರಿಸಬಹುದು. ಆದರೆ ನಿಮ್ಮ ಮಗ ಹೇಳಿದ್ದೂ ಸರಿಯೇ. ಲ್ಯಾಟಿನ್ನಿನಲ್ಲಿ ‘ನೆಸ್ಕಿಯುಸ್’ ಎಂದರೆ ಅರಿಯದವನು. ಅದರೊಳಗಿನ ‘ಅರಿ’ ಎಂಬರ್ಥದ ಧಾತುವಿನಿಂದಲೇ ‘ಸೈನ್ಸ್’ ಹುಟ್ಟಿದೆ. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎನಿಸಿಕೊಂಡವನು ಪೆದ್ದನೇ ಆಗಿದ್ದನು. ಆಮೇಲೆ ಅವನು ಎಲ್ಲದಕ್ಕೂ ಮೂಗು ಮುರಿಯುವ ನಾಜೂಕಿನವನಾದನು. ನಾಜೂಕಿನಿಂದ ‘ಸೂಕ್ಷ್ಮ, ಕರಾರುವಾಕ್ಕು’ ಎಂಬ ಅರ್ಥ ಬಂತು. ಹದಿನೆಂಟನೆಯ ಶತಮಾನದಲ್ಲಿ ‘ಹಿತವಾದದ್ದು’ ಎಂಬ ಇಂದಿನ ಅರ್ಥ ನೆಲೆಯೂರಿತು. ದೋಸೆಯ ಅಕ್ಕಿಯನ್ನು ‘ನೈಸಾಗಿ ರುಬ್ಬು’ ಎಂದು ನಮ್ಮ ಮನೆಗಳಲ್ಲಿ ಹೇಳುವಾಗ, ಇಂಗ್ಲಿಷರು ಈಗ ಅಪರೂಪಕ್ಕೆ ಮಾತ್ರ ಬಳಸುವ ಆ ‘ಸೂಕ್ಷ್ಮ’ ಎಂಬ ಅರ್ಥದ ಹತ್ತಿರಕ್ಕೇ ನಾವು ಹೋಗಿರುತ್ತೇವೆ. ‘ನಯ’ ಎಂಬ ಪದ ಕನ್ನಡದಲ್ಲಿ ಮೊದಲೇ ಇದ್ದುದರಿಂದ ‘ನೈಸು’ ನಮ್ಮ ಕಿವಿಗೆ ಪರಕೀಯವಾಗಿಯೂ ಕೇಳಿಸುವುದಿಲ್ಲ.

ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ನಡೆದದ್ದು ‘ಸಿಲ್ಲಿ’. ಹಳೆಯ ಇಂಗ್ಲಿಷಿನಲ್ಲಿ ಅದು ದೇವರ ಕೃಪೆಗೆ ಪಾತ್ರನಾದ ಸುಖಿಯನ್ನು ಸೂಚಿಸುತ್ತಿತ್ತು. ಜರ್ಮನ್ನಿನ ‘ಸೆಲಿಗ್’ ಇಂದಿಗೂ ಹೆಚ್ಚುಕಡಿಮೆ ಆ ಅರ್ಥವನ್ನೇ ಉಳಿಸಿಕೊಂಡಿದೆ. ಕೃಪೆಗೆ ಪಾತ್ರನಾದವನು ನಿರಪರಾಧಿ, ನಿರಪರಾಧಿಯಾದವನು ದುರ್ಬಲ, ದುರ್ಬಲನಾದವನು ಕನಿಕರಕ್ಕೆ ಅರ್ಹ ಎಂದು ಅರ್ಥ ಇಳಿಯುತ್ತ ಬಂದು, ಹದಿನಾರನೆಯ ಶತಮಾನದಲ್ಲಿ ‘ಪೆದ್ದ’ ಎಂಬಲ್ಲಿಗೆ ಮುಟ್ಟಿತು.

ಈ ಏರಿಳಿತವನ್ನು ಅರಿಯಲು ನೀವು ಇಂಗ್ಲೆಂಡಿನವರೆಗೆ ಹೋಗಬೇಕಾಗಿಯೂ ಇಲ್ಲ. ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ‘ಮೂಢ’ ಮತ್ತು ‘ಮುಗ್ಧ’ ಎಂಬ ಎರಡು ಪದಗಳು ಹುಟ್ಟಿವೆ. ಮೂಲದಲ್ಲಿ ಎರಡಕ್ಕೂ ದಿಕ್ಕುಗೆಟ್ಟವನು ಎಂದೇ ಅರ್ಥ. ಈಗ ಮಗುವನ್ನು ಮುಗ್ಧ ಎಂದರೆ ತಾಯಿ ಹಿಗ್ಗುತ್ತಾಳೆ, ಮೂಢ ಎಂದರೆ ಜಗಳಕ್ಕೆ ಬರುತ್ತಾಳೆ. ನಿಮ್ಮ ಊರಿನ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಬಸ್ ನಿಲ್ದಾಣದಲ್ಲಿ ಯಾರನ್ನಾದರೂ ತೋರಿಸಿ ‘ಅವನು ಪಾಪದ ಮನುಷ್ಯ’ ಎಂದರೆ ಮಲೆನಾಡಿನವರೂ ಕರಾವಳಿಯವರೂ ಯಾರ ತಂಟೆಗೂ ಹೋಗದ ಸಾಧುವೆಂದು ತಿಳಿಯುತ್ತಾರೆ. ಬಯಲುಸೀಮೆಯಿಂದ ಹೊಸದಾಗಿ ಬಂದವರು ಅವನು ಯಾವ ಪಾಪ ಮಾಡಿದನೆಂದು ಕೇಳಿದರೂ ಕೇಳಬಹುದು. ಕನಿಕರದಿಂದ ‘ಅಯ್ಯೋ ಪಾಪ’ ಎನ್ನುವ ಉದ್ಗಾರವೇ ಇಲ್ಲಿ ಗುಣವಾಚಕವಾಗಿದೆ. ನಡುಹಾದಿಯಲ್ಲಿದ್ದಾಗ ಇಂಗ್ಲಿಷಿನ ‘ಸಿಲ್ಲಿ’ಗೆ ಇದ್ದ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಅನುವಾದ ನನಗೆ ತೋಚುವುದಿಲ್ಲ.

ಪ್ರಶ್ನೆ: ‘ಟೆರಿಬಲ್’ ಮತ್ತು ‘ಟೆರಿಫಿಕ್’ ಒಂದೇ ಮೂಲದವು ಎನ್ನುತ್ತಾರೆ. ಒಂದು ಕೆಟ್ಟದ್ದೂ ಇನ್ನೊಂದು ಒಳ್ಳೆಯದೂ ಆದದ್ದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ಎರಡೂ ‘ಹೆದರಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದವು, ಹದಿನೇಳನೆಯ ಶತಮಾನದಲ್ಲಿ ‘ಟೆರಿಫಿಕ್’ ಎಂದರೂ ಭಯ ಹುಟ್ಟಿಸುವುದೆಂದೇ ಅರ್ಥ. ಭಯ ಹುಟ್ಟಿಸುವುದು ದೊಡ್ಡದಾಗಿರುತ್ತದೆ, ದೊಡ್ಡದು ಬೆರಗು ಹುಟ್ಟಿಸುತ್ತದೆ, ಬೆರಗು ಮೆಚ್ಚುಗೆಯಾಗುತ್ತದೆ. ‘ಆಗುಂಬೆಯಲ್ಲಿ ಭಯಂಕರ ಮಳೆ’ ಎನ್ನುವ ಬಾಯಿಯೇ ‘ಪತ್ರೊಡೆ ಭಯಂಕರ ಚೆನ್ನಾಗಿತ್ತು’ ಎಂದೂ ಹೇಳುತ್ತದೆಯಲ್ಲವೇ? ಕನ್ನಡದಲ್ಲಿ ಒಂದೇ ಪದ ಎರಡೂ ಕೆಲಸ ಮಾಡುತ್ತಿದೆ. ಇಂಗ್ಲಿಷಿನವರು ಕೆಲಸವನ್ನು ಇಬ್ಬರಿಗೆ ಹಂಚಿದ್ದಾರೆ, ಅಷ್ಟೆ.

ಪ್ರಶ್ನೆ: ಮಗಳ ಪ್ರಬಂಧದ ಕೆಳಗೆ ಅಧ್ಯಾಪಕರೊಬ್ಬರು ಕೆಂಪು ಶಾಯಿಯಲ್ಲಿ ‘ಮೀಡಿಯೋಕರ್’ ಎಂದು ಬರೆದಿದ್ದಾರೆ. ನಿಘಂಟು ‘ಸಾಧಾರಣ’ ಎನ್ನುತ್ತದೆ. ಅಷ್ಟಕ್ಕೇ ಅವಳು ಏಕೆ ಅತ್ತಳೋ ತಿಳಿಯದು.
– ನಿವೃತ್ತ ಶಿಕ್ಷಕರು, ಹೊಸನಗರ

ಉತ್ತರ: ಈ ಪದದೊಳಗೆ ಒಂದು ಬೆಟ್ಟವಿದೆ. ಲ್ಯಾಟಿನ್ನಿನಲ್ಲಿ ‘ಮೆದಿಯುಸ್’ ಎಂದರೆ ನಡುವಿನದು, ನಮ್ಮ ‘ಮಧ್ಯ’ದ ಸೋದರ ಪದ, ‘ಒಕ್ರಿಸ್’ ಎಂದರೆ ಕಲ್ಲುಮುಳ್ಳಿನ ಗುಡ್ಡ. ಎರಡೂ ಸೇರಿದರೆ ಬೆಟ್ಟವನ್ನು ಅರ್ಧ ಹತ್ತಿದವನು. ನಿಮ್ಮ ತಾಲೂಕಿನ ಕೊಡಚಾದ್ರಿಯನ್ನೇ ನೆನೆಯಿರಿ: 1,343 ಮೀಟರ್ ಎತ್ತರದ ಆ ಬೆಟ್ಟದ ನಡುದಾರಿಯಲ್ಲಿ ಕಲ್ಲಿನ ಮೇಲೆ ಕುಳಿತು ಏದುಸಿರು ಬಿಡುವವನು ಸರ್ವಜ್ಞಪೀಠವನ್ನು ಇನ್ನೂ ಕಂಡಿಲ್ಲ, ಆದರೆ ಕೆಳಗಿನ ಅಡಿಕೆ ತೋಟಗಳು ಅವನಿಗೆ ಆಗಲೇ ಅಂಗೈಯಷ್ಟಾಗಿ ಕಾಣುತ್ತಿವೆ. ರೋಮನರಿಗೆ ಅದು ನಾಚಿಕೆಯ ಜಾಗವಾಗಿರಲಿಲ್ಲ. ಅತಿ ಎತ್ತರವನ್ನೂ ಅತಿ ತಗ್ಗನ್ನೂ ಬಿಟ್ಟ ನಡುವಿನ ಬದುಕನ್ನು ಕವಿ ಹೊರೇಸ್ ಈ ಪದದಿಂದಲೇ ‘ಬಂಗಾರದ್ದು’ ಎಂದು ಕರೆದಿದ್ದಾನೆ. ಇಂಗ್ಲಿಷಿನಲ್ಲಿ ಮಾತ್ರ ‘ಇನ್ನೂ ಹತ್ತಬಹುದಿತ್ತು, ಹತ್ತಲಿಲ್ಲ’ ಎಂಬ ಮೂದಲಿಕೆ ಅದಕ್ಕೆ ಅಂಟಿಕೊಂಡಿತು. ‘ಸಾಧಾರಣ’ ಎಂಬ ಅನುವಾದದಲ್ಲಿ ಆ ಮೂದಲಿಕೆ ಸೋರಿಹೋಗಿದೆ. ‘ಅಷ್ಟಕ್ಕಷ್ಟೇ’ ಎಂದು ಅನುವಾದಿಸಿ ನೋಡಿ, ಅವಳ ಅಳುವಿಗೆ ಕಾರಣ ಸಿಗುತ್ತದೆ.

ಪ್ರಶ್ನೆ: 2016ರಲ್ಲಿ ನಮ್ಮ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ‘ಸ್ಮಾರ್ಟ್’ಗೆ ಕನ್ನಡದಲ್ಲಿ ಒಂದು ಪದ ಬೇಕು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಚುರುಕು’ ಎಂದರೆ ಸಾಕು, ಅದು ಮೂಲಕ್ಕೂ ಹತ್ತಿರವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಮಾರ್ಟ್’ ಎಂದರೆ ಉರಿಯುವ, ಕುಟುಕುವ ನೋವಿನದು. ಜರ್ಮನ್ನಿನಲ್ಲಿ ನೋವನ್ನು ಹೇಳುವ ‘ಶ್ಮೆರ್ಟ್ಸ್’ ಅದರ ನೆಂಟನೆನ್ನುತ್ತಾರೆ. ಕುಟುಕುವ ಏಟಿನಿಂದ ಕುಟುಕುವ ಮಾತು, ಅಂಥ ಮಾತಿನಿಂದ ಜಾಣತನ, ಜಾಣತನದಿಂದ ಒಪ್ಪವಾದ ಉಡುಪು, ಕೊನೆಗೆ ಗಣಕಯಂತ್ರವನ್ನು ಒಳಗಿಟ್ಟುಕೊಂಡ ಫೋನು, ಊರು ಎಂದು ಅದು ಬೆಳೆಯಿತು. ನಮ್ಮ ‘ಚುರುಕು’ ಕೂಡ ಜಾಣ ಹುಡುಗಿಗೂ ಸಲ್ಲುತ್ತದೆ, ‘ಚುರುಕು ಮುಟ್ಟಿಸು’ ಎಂಬಲ್ಲಿನ ನೋವಿಗೂ ಸಲ್ಲುತ್ತದೆ. ಸೂಜಿಮೆಣಸು ಹೆಚ್ಚಿದ ಕೈಯನ್ನು ಮರೆತು ಕಣ್ಣಿಗೆ ಒರೆಸಿಕೊಂಡವರಿಗೆ ಆಗುವ ಚುರುಗುಟ್ಟುವಿಕೆಯನ್ನು ಇಂಗ್ಲಿಷಿನವರು ಕ್ರಿಯಾಪದವಾಗಿ ಇಂದಿಗೂ ‘ಸ್ಮಾರ್ಟ್’ ಎಂದೇ ಹೇಳುತ್ತಾರೆ. ನಗರದ ಮಟ್ಟಿಗೆ ಎರಡರಲ್ಲಿ ಯಾವ ಅರ್ಥ ಹೆಚ್ಚು ಒಪ್ಪುತ್ತದೆಂಬುದನ್ನು, ರಸ್ತೆ ಅಗೆದ ದಿನಗಳಲ್ಲಿ ಅಲ್ಲಿ ಓಡಾಡಿದ ನೀವೇ ತೀರ್ಮಾನಿಸಬೇಕು.