ಮೀಟಿಂಗಿನಲ್ಲಿ ಗುರುತಿನವರು ಸಿಕ್ಕಿಬಿಟ್ಟರೆ?

ಪ್ರಶ್ನೆ: ನನಗೆ 41 ವರ್ಷ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಆಲೆಮನೆ ನಡೆಸುತ್ತೇನೆ. ಹಿಂದೆ ಮದ್ಯವರ್ಜನ ಶಿಬಿರಕ್ಕೆ ಸೇರಿ ಕುಡಿತ ಬಿಟ್ಟಿದ್ದೆ. ತಂಗಿ ಮದುವೆಯಲ್ಲಿ ಮತ್ತೆ ಶುರುವಾಯಿತು. ಈಗ ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ನೈಂಟಿ ಹಾಕಿದ ಮೇಲೇ ನಿಲ್ಲುವುದು. ಕುಡಿತ ಬಿಡುವವರು ಸೇರುವ ಎಎ ಮೀಟಿಂಗ್‌ಗೆ ಹೋಗು ಅಂತ ಒಬ್ಬರು ಹೇಳಿದರು. ಮಂಡ್ಯದಲ್ಲಿ ಎಲ್ಲರೂ ನನ್ನನ್ನು ಬಲ್ಲರು, ಮೈಸೂರಿಗೆ ಹೋದರೆ ವಾಸಿಯೇ? ಅದು ಚರ್ಚಿನವರದ್ದು ಅಂತಲೂ ಕೇಳಿದೆ. ಮನೆಯವರು ಕುಡಿತ ಬಿಡಿಸುತ್ತದೆ ಅಂತ ಯಾರೋ ಕೊಟ್ಟ ಪುಡಿಯನ್ನು ಸಾರಿಗೆ ಹಾಕುತ್ತೇನೆ ಅನ್ನುತ್ತಿದ್ದಾರೆ. ಏನು ಮಾಡಲಿ?
(ಹೆಸರು ಬೇಡ, ಮಂಡ್ಯ ತಾಲ್ಲೂಕು)

ಉತ್ತರ: ಮೀಟಿಂಗ್ ಮಾತು ಆಮೇಲೆ. ಮೊದಲು ಆ ನಡುಕದ ಮಾತು. ದಯವಿಟ್ಟು ಈ ಉತ್ತರ ಓದಿ ಹುರುಪಿನಲ್ಲಿ ನಾಳೆಯಿಂದಲೇ ಪೂರ್ತಿ ನಿಲ್ಲಿಸಬೇಡಿ. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ಬಿಟ್ಟರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣಿಸಬಹುದು, ಬೆವರು, ಜ್ವರ, ಗಾಬರಿ ಆಗಬಹುದು. ಜೀವಕ್ಕೇ ಅಪಾಯ. ಹಾಗಾಗಿ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಎಷ್ಟು ಕುಡಿಯುತ್ತೀರಿ, ಬೆಳಿಗ್ಗೆ ಏನಾಗುತ್ತದೆ, ಕಡಿಮೆ ಮಾಡದೆ ಹೇಳಿ. ನಡುಕ ತಡೆಯಲು ಮಾತ್ರೆ, ಜೊತೆಗೆ ಥಯಾಮಿನ್ ಅನ್ನುವ ಬಿ1 ವಿಟಮಿನ್ ಕೊಡುತ್ತಾರೆ. ಬೇಕಾದರೆ ಕೆಲವು ದಿನ ಅಡ್ಮಿಟ್ ಮಾಡಿಕೊಳ್ಳುತ್ತಾರೆ.

ಪುಡಿ ಮಾತ್ರ ಬೇಡವೇ ಬೇಡ. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಅಂಥ ಪುಡಿಯಲ್ಲಿ ಏನಿದೆಯೋ ಕೊಟ್ಟವರೂ ಹೇಳುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅಂತ ಒಂದು ಔಷಧಿ ಇದೆ, ಪುಡಿಯಲ್ಲಿ ಅದೂ ಇರಬಹುದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಡಾಕ್ಟರು ಹೃದಯ, ಲಿವರ್ ನೋಡಿ, ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧಿ ಅದು. ಕದ್ದು ಸಾರಿಗೆ ಹಾಕಿದರೆ ಪ್ರಾಣ ಹೋಗಬಹುದು.

ಇನ್ನು ಮೀಟಿಂಗ್. ನಾನೂ ಮೈಸೂರಿನ ಎಎ ಗುಂಪಿನವನೇ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಹೀಗೆ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು. ಯಾವ ಧರ್ಮಕ್ಕೂ ಸೇರಿದ್ದಲ್ಲ. ಚರ್ಚಿನ ಕೋಣೆಯಲ್ಲೋ ಶಾಲೆಯಲ್ಲೋ ಜಾಗ ಸಿಗುತ್ತದೆ ಅಂತ ಅಲ್ಲಿ ಸೇರುತ್ತಾರೆ, ಅಷ್ಟೆ. ದೇವರ ಮಾತು ಬರುತ್ತದೆ, ಆದರೆ ನಿಮಗೆ ತಿಳಿದ ದೇವರು. ಮಾದಪ್ಪನಾದರೂ ಸರಿ. ಫೀಸಿಲ್ಲ. ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಇದ್ದರೆ ಹಾಕಿ, ಇಲ್ಲದಿದ್ದರೆ ಮುಂದಕ್ಕೆ ಕೊಡಿ. ಸೇರಲು ಬೇಕಾದ್ದು ಒಂದೇ, ಕುಡಿತ ಬಿಡಬೇಕೆಂಬ ಆಸೆ.

ಒಳಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಭಯ ಹೋಗಲಿ. ಪ್ಲಾಸ್ಟಿಕ್ ಕುರ್ಚಿ, ಟೀ. ಒಬ್ಬರು ಮಾತಾಡುವಾಗ ಮಿಕ್ಕವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. "ನನ್ನ ಹೆಸರು ಇಂಥದ್ದು, ನಾನೊಬ್ಬ ಮದ್ಯವ್ಯಸನಿ" ಅಂತ ಶುರು ಮಾಡುತ್ತಾರೆ. ನಿಮ್ಮ ಸರದಿ ಬಂದಾಗ "ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಹೊರಡುವ ಮುಂಚೆ ಒಂದೆರಡು ಫೋನ್ ನಂಬರ್ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ಮೀಟಿಂಗಿಗಿಂತ ಆ ನಂಬರ್ ದೊಡ್ಡದು. ನಮ್ಮಲ್ಲಿ ಹೊಸಬರಿಗೆ ನಾಲ್ಕು ಹೊತ್ತು ಹುಷಾರು ಅನ್ನುತ್ತೇವೆ. ಹಸಿದಾಗ, ಸಿಟ್ಟು ಬಂದಾಗ, ಒಂಟಿ ಅನ್ನಿಸಿದಾಗ, ದಣಿದಾಗ. ಕೊಪ್ಪರಿಗೆ ಮುಂದೆ ಬೆಂದು, ಬೆಲ್ಲ ಅಚ್ಚಿಗೆ ಸುರಿಸಿ, ಕೂಲಿ ಬಟವಾಡೆ ಮಾಡಿ ನಿಂತ ಸಂಜೆ ನಿಮಗೆ ಆ ನಾಲ್ಕೂ ಒಟ್ಟಿಗೇ ಬರುತ್ತವೆ, ಅಲ್ವಾ? ಆಗ ಮೊದಲು ಹೊಟ್ಟೆಗೆ ಏನಾದರೂ ಹಾಕಿ, ಆ ನಂಬರಿಗೆ ಫೋನ್ ಮಾಡಿ.

ಮಂಡ್ಯವೋ ಮೈಸೂರೋ? ಮೊದಮೊದಲು ಮೈಸೂರಿಗೆ ಬನ್ನಿ, ತಪ್ಪಿಲ್ಲ. ಆದರೆ ಬರೀ ಮರೆಯಾಗಿರಲು ದೂರ ಹುಡುಕಬೇಡಿ. ಕಬ್ಬು ಕಡಿಯುವ ಕಾಲದಲ್ಲಿ ಕೆಲಸ ಮುಗಿಸಿ ಮೈಸೂರು ರೈಲು ಹತ್ತುವ ಮನಸ್ಸು ಎಷ್ಟು ದಿನ ಇದ್ದೀತು? ಗುಂಪು ಕೈಗೆಟುಕುವಂತಿರಬೇಕು. ನಮ್ಮ ಮೈಸೂರಿನ ಗುಂಪಿನಲ್ಲೇ ಒಬ್ಬರು ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಕುರ್ಚಿ ಜೋಡಿಸುತ್ತಿದ್ದವರು ಅವರದೇ ಆಫೀಸಿನವರು. ಆ ಆಫೀಸಿನವರು ಒಂದು ಮಾತೂ ಕೇಳಲಿಲ್ಲ, ಇನ್ನೊಂದು ಕುರ್ಚಿ ಎಳೆದು ಹಾಕಿದರು. ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಸಿಗುವ ಗುರುತಿನವರಿಗೂ ನಿಮ್ಮಷ್ಟೇ ಗುಟ್ಟು ಇರುತ್ತದೆ. ಇನ್ನೊಂದು ಮಾತು, ಬೆಳಿಗ್ಗೆ ನೈಂಟಿ ಹಾಕುವುದು ಊರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಗೊತ್ತಿರುತ್ತದೆ ತಮ್ಮಾ.

ಹತ್ತಿರದ ಗುಂಪು ಪತ್ತೆ ಮಾಡಲು ಎಎ ಇಂಡಿಯಾದ ವೆಬ್‌ಸೈಟ್ ನೋಡಿ. ದಿನ, ಸಮಯ ಬದಲಾಗುತ್ತಿರುತ್ತವೆ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಆಸ್ಪತ್ರೆಯ ಕೌನ್ಸೆಲರನ್ನೂ ಕೇಳಿ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ನೀವು ಹೋಗಿದ್ದು ಧರ್ಮಸ್ಥಳ ಯೋಜನೆಯ ಶಿಬಿರವಾಗಿದ್ದರೆ, ಶಿಬಿರ ಮುಗಿಸಿದವರ ನವಜೀವನ ಸಮಿತಿಯನ್ನೂ ವಿಚಾರಿಸಿ. ಮತ್ತೆ ಕುಡಿದೆ ಅಂತ ಮುಖ ತೋರಿಸಲು ನಾಚಬೇಡಿ. ಮರಳಿ ಬಂದವರನ್ನು ಅವರೂ ಎಷ್ಟೋ ನೋಡಿದ್ದಾರೆ.

ನಿಮ್ಮ ಮನೆಯವರಿಗೂ ಒಂದು ಜಾಗ ಬೇಕು. ಪುಡಿ ಹುಡುಕುವಷ್ಟು ಸೋತಿದ್ದಾರೆ ಅವರು. ಕುಡಿಯುವವರ ಮನೆಮಂದಿಗೆಂದೇ 1951ರಲ್ಲಿ ಶುರುವಾದ ಅಲ್-ಅನಾನ್ ಗುಂಪುಗಳಿವೆ. ನೀವು ಎಎಗೆ ಫೋನ್ ಮಾಡಿದಾಗ ಅದರ ವಿವರವನ್ನೂ ಕೇಳಿ ಅವರ ಕೈಗೆ ಕೊಡಿ. ನೀವು ಬಿಡಲಿ, ಬಿಡದಿರಲಿ, ಅವರು ಹೋಗಬಹುದು.

(ಎಎ ಸದಸ್ಯರು ಪತ್ರಿಕೆಯಲ್ಲಿ ಪೂರ್ತಿ ಹೆಸರು ಹಾಕುವುದಿಲ್ಲ. ಉತ್ತರ ಬರೆದವರು ಮೈಸೂರಿನ ಒಬ್ಬ ಸದಸ್ಯ.)