ಓದುಗರ ಪ್ರಶ್ನೆ, ನಮ್ಮ ಉತ್ತರ: ಹಂಗೆರಿಯ ಹಳ್ಳಿಗಳ ಫರ್ಶಾಂಗ್

ಪ್ರಶ್ನೆ: ನನ್ನ ಮಗಳು ಬುಡಾಪೆಸ್ಟ್‌ನಲ್ಲಿ ಓದುತ್ತಿದ್ದಾಳೆ. ಚಳಿಗಾಲದ ಕೊನೆಯಲ್ಲಿ ಗೆಳತಿಯ ಹಳ್ಳಿಗೆ ಹೋಗಿದ್ದಾಗ ವೇಷಧಾರಿಗಳ ಮೆರವಣಿಗೆಯನ್ನೂ, ಹೆಣ್ಣಿನ ಉಡುಗೆ ತೊಡಿಸಿದ ಹುಲ್ಲಿನ ಬೊಂಬೆಯನ್ನು ಸುಡುವುದನ್ನೂ ನೋಡಿದಳಂತೆ. ಇದು ಯಾವ ಹಬ್ಬ? ವರ್ಷವರ್ಷವೂ ಇದರ ದಿನಾಂಕ ಏಕೆ ಬದಲಾಗುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ನೋಡಿದ್ದು ಫರ್ಶಾಂಗ್ ಹಬ್ಬವನ್ನು. ಮೂವರು ಜ್ಞಾನಿಗಳು ಬಾಲಯೇಸುವಿನ ದರ್ಶನ ಪಡೆದುದನ್ನು ಸ್ಮರಿಸುವ ಜನವರಿ 6ರಂದು ಆರಂಭವಾಗುವ ಈ ಹಬ್ಬದ ಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಾದ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಹಿಂದಿನ ದಿನ ಮುಗಿಯುತ್ತದೆ. ಬೂದಿ ಬುಧವಾರ ಈಸ್ಟರ್‌ಗಿಂತ 46 ದಿನ ಮೊದಲು ಬರುತ್ತದೆ. ಈಸ್ಟರ್ ವಸಂತದ ಹುಣ್ಣಿಮೆಯನ್ನು ಅನುಸರಿಸುವುದರಿಂದ ಫರ್ಶಾಂಗ್‌ನ ಕೊನೆಯೂ ಹಿಂದುಮುಂದಾಗುತ್ತದೆ. 2026ರಲ್ಲಿ ಅದರ ಕೊನೆಯ ದಿನ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 9.

ಭಾನುವಾರದಿಂದ ಮಂಗಳವಾರದವರೆಗಿನ ಕೊನೆಯ ಮೂರು ದಿನಗಳನ್ನು ಹಂಗೆರಿಯವರು ‘ಫರ್ಶಾಂಗ್‌ನ ಬಾಲ’ ಎಂದು ಕರೆಯುತ್ತಾರೆ. ಆ ಮಂಗಳವಾರಕ್ಕೆ ಅವರ ಭಾಷೆಯಲ್ಲಿರುವ ಹೆಸರಿನ ಅರ್ಥ ‘ಮಾಂಸ ಬಿಡುವ ಮಂಗಳವಾರ’. ಮರುದಿನದಿಂದ ತಪಸ್ಸುಕಾಲ, ಹಿಂದಿನ ಕಾಲದಲ್ಲಿ ಆ ವಾರಗಳಲ್ಲಿ ಮಾಂಸವಿರಲಿಲ್ಲ, ಕುಣಿತವಿರಲಿಲ್ಲ, ಮದುವೆಯೂ ಇರಲಿಲ್ಲ. ಹೊಲಗಳಲ್ಲಿ ಹಿಮ ಬಿದ್ದು ಕೆಲಸ ನಿಂತಿರುವ, ಹಂದಿ ಕೊಯ್ದು ಮನೆಯಲ್ಲಿ ಕೊಬ್ಬೂ ಮಾಂಸವೂ ತುಂಬಿರುವ ಚಳಿಗಾಲವೇ ಆದ್ದರಿಂದ ಹಳ್ಳಿಯವರಿಗೆ ಮದುವೆಯ ಕಾಲವಾಗಿತ್ತು. ಆ ಅವಧಿಯಲ್ಲಿ ಮದುವೆಯಾಗದೆ ಉಳಿದ ಹುಡುಗಿಯರಿಂದ ಮರದ ದಿಮ್ಮಿಯನ್ನು ಎಳೆಸುವ ಪದ್ಧತಿ ಹಲವು ಊರುಗಳಲ್ಲಿತ್ತು. ಹಳೆಯದೆಂಬ ಕಾರಣಕ್ಕೆ ಇದನ್ನು ಮೆಚ್ಚಿಕೊಳ್ಳಲು ನನ್ನಿಂದಾಗದು.

ಮನಸ್ಸಿಗೆ ಹಿಡಿಸುವುದು ಬೆಳೆ ಮತ್ತು ಸಾಕುಪ್ರಾಣಿಗಳಿಗೆ ಸಂಬಂಧಿಸಿದ ಆಚರಣೆಗಳು. ಹೆಂಗಸರು ಎತ್ತರಕ್ಕೆ ಜಿಗಿದು ಕುಣಿದಷ್ಟೂ ಬಟ್ಟೆಯ ನಾರಿಗಾಗಿ ಬೆಳೆಯುವ ಸೆಣಬು ಎತ್ತರಕ್ಕೆ ಬೆಳೆಯುತ್ತದೆಂಬ ನಂಬಿಕೆಯಿತ್ತು. ಸೇಕೆಶ್‌ಫೆಹೇರ್‌ವಾರ್ ನಗರದ ಬಳಿಯ ಮೊಹಾ ಎಂಬ ಹಳ್ಳಿಯಲ್ಲಿ ‘ಕೋಳಿ ಬಡಿಯುವವರು’ ಎಂಬ ವೇಷಧಾರಿಗಳು ಮಾಂಸ ಬಿಡುವ ಮಂಗಳವಾರ ಮನೆಮನೆಗೆ ಹೋಗುತ್ತಾರೆ. ಬಣ್ಣಬಣ್ಣದ ಬಟ್ಟೆ ತುಂಡುಗಳ ಉಡುಪು ತೊಟ್ಟ ಕೆಲವರು, ಹುಲ್ಲು ತುಂಬಿಕೊಂಡು ದಪ್ಪಗಾದ ಕೆಲವರು ಅಂಗಳಕ್ಕೆ ನುಗ್ಗಿ, ಕೋಳಿಗಳು ಚೆನ್ನಾಗಿ ಮೊಟ್ಟೆಯಿಡಲಿ ಎಂದು ಕೋಲಿನಿಂದ ತಟ್ಟುತ್ತಾರೆ, ಎದುರಾದ ಹುಡುಗಿಯರ ಮುಖಕ್ಕೆ ಮಸಿ ಬಳಿಯುತ್ತಾರೆ, ಮನೆಯೊಡತಿಯಿಂದ ಮೊಟ್ಟೆಗಳನ್ನು ಪಡೆದು ಮುಂದಿನ ಮನೆಗೆ ಹೊರಡುತ್ತಾರೆ.

ಪ್ರಶ್ನೆ: ಹುಲ್ಲಿನ ಬೊಂಬೆಯನ್ನು ಸುಡುವುದು ನಮ್ಮ ಕಾಮದಹನದಂತೆಯೇ ಅಲ್ಲವೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಋತುವೂ ಬೆಂಕಿಯೂ ಒಂದೇ ಎಂದು ತೋರಿದರೂ ಹಿಂದಿರುವ ಕಥೆ ಬೇರೆ. ಆ ಬೊಂಬೆಯ ಹೆಸರು ‘ಕಿಸೆ’; ನಮ್ಮ ಅಂಗಿಯ ಕಿಸೆಗೂ ಅದಕ್ಕೂ ಸಂಬಂಧವಿಲ್ಲ. ತಪಸ್ಸುಕಾಲದಲ್ಲಿ ಮಾಂಸ, ಕೊಬ್ಬುಗಳಿಲ್ಲದೆ ಮತ್ತೆ ಮತ್ತೆ ಉಣ್ಣಬೇಕಾಗಿದ್ದ ಹುಳಿ ಗಂಜಿಗೆ ಆ ಹೆಸರಿತ್ತು. ಆದ್ದರಿಂದ ಬೊಂಬೆಯನ್ನು ಊರಾಚೆಗೆ ಒಯ್ದು ಸುಡುವುದೆಂದರೆ, ಅಥವಾ ಹಳ್ಳಕ್ಕೆ ಎಸೆಯುವುದೆಂದರೆ, ಚಳಿಯನ್ನೂ ರೋಗವನ್ನೂ ಹೊರಗಟ್ಟುವುದರ ಜೊತೆಗೆ ಬೇಸರ ತಂದಿದ್ದ ಆ ಉಪವಾಸದ ಊಟಕ್ಕೂ ವಿದಾಯ ಹೇಳುವುದಾಗಿತ್ತು. ಉತ್ತರ ಹಂಗೆರಿಯ ಪಲೋತ್ಸ್ ಜನರ ಹಳ್ಳಿಗಳಲ್ಲಿ ಹುಡುಗಿಯರೇ ಬೊಂಬೆಯನ್ನು ಸಿಂಗರಿಸಿ, ಹಾಡುತ್ತಾ ಹೊತ್ತೊಯ್ಯುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಆಚರಣೆ ಮೂಲತಃ ಈಸ್ಟರ್‌ಗಿಂತ ಒಂದು ವಾರ ಮೊದಲಿನ ಗರಿಗಳ ಭಾನುವಾರದ್ದು, ಅಂದರೆ ತಪಸ್ಸುಕಾಲ ಮುಗಿಯುತ್ತಾ ಬಂದಾಗಿನದು. ಉಪವಾಸ ಇನ್ನೂ ಆರಂಭವೇ ಆಗದ ಫರ್ಶಾಂಗ್‌ನಲ್ಲಿ ಉಪವಾಸದ ಗಂಜಿಯನ್ನು ಸುಡುವುದಕ್ಕೆ ಅರ್ಥವಿಲ್ಲ. ಇಂದು ಅನೇಕ ಊರುಗಳು ಎರಡನ್ನೂ ಕೂಡಿಸಿ ಚಳಿಗಾಲವನ್ನು ಬೀಳ್ಕೊಡುವ ಒಂದೇ ಹಬ್ಬವಾಗಿ ಮಾಡಿಕೊಂಡಿವೆ. ಹಬ್ಬ ಬದಲಾಗುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಬೊಂಬೆ ಯಾವ ದಿನಕ್ಕೆ ಸೇರಿದ್ದೆಂಬುದನ್ನು ಮಕ್ಕಳಿಗೆ ತಿಳಿಸದಿದ್ದರೆ ಆ ಗಂಜಿಯ ನೆನಪೂ ಬೆಂಕಿಯಲ್ಲಿ ಹೋಗಿಬಿಡುತ್ತದೆ.

ಪ್ರಶ್ನೆ: ಮರದ ಮುಖವಾಡ ಧರಿಸಿ ತುರ್ಕರನ್ನು ಹೆದರಿಸಿ ಓಡಿಸಿದ ಹಬ್ಬವೂ ಇದೇ ತಾನೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅದು ಡ್ಯಾನ್ಯೂಬ್ ದಡದ ಮೊಹಾಚ್ ಪಟ್ಟಣದಲ್ಲಿ ಇದೇ ಕಾಲದಲ್ಲಿ ನಡೆಯುವ ಬುಶೋಯಾರಾಶ್. ಯುನೆಸ್ಕೊ ಅದನ್ನು 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 1526ರಲ್ಲಿ ಹಂಗೆರಿಯ ಸೈನ್ಯ ತುರ್ಕರ ಎದುರು ಸೋತದ್ದು ಅದೇ ಊರಿನ ಬಳಿ. ಹಾಗಾಗಿ ತುರ್ಕರನ್ನು ಓಡಿಸಿದ ಕಥೆ ಅಲ್ಲಿನವರಿಗೆ ಪ್ರಿಯವಾಗಿರುವುದು ಸಹಜ. ಆದರೂ ಅದು ಐತಿಹ್ಯವೇ ಹೊರತು ಇತಿಹಾಸವಲ್ಲ. ಕುರಿಚರ್ಮ ಹೊದ್ದು, ವಿಲ್ಲೋ ಮರದಲ್ಲಿ ಕೆತ್ತಿದ ಮುಖವಾಡ ಧರಿಸಿ, ದನದ ಗಂಟೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಬರುವ ಈ ಆಚರಣೆ ಅಲ್ಲಿನ ಶೊಕಾತ್ಸ್ ಎಂಬ ಕ್ರೊವೇಶಿಯನ್ ಸಮುದಾಯದ್ದು. ಮಂಗಳವಾರ ಸಂಜೆ ಅವರು ಚಳಿಗಾಲದ ಶವಪೆಟ್ಟಿಗೆಯನ್ನು ಬೆಂಕಿಗೆ ಹಾಕಿ, ಅದರ ಸುತ್ತ ಕುಣಿಯುತ್ತಾರೆ.